ನೀರಿನ ಪಾಳಿ, ಎರಡು ಏಟು ಮತ್ತು ಆತ್ಮರಕ್ಷಣೆಯ ಹಕ್ಕು: ಸಲಹೆ ಬೇಕು

ಪ್ರಶ್ನೆ
ಕೊನೆಭಾಗದ ರೈತ, ಸಿಂಧನೂರು ತಾಲ್ಲೂಕು

ತುಂಗಭದ್ರಾ ಎಡದಂಡೆ ನಾಲೆಯ ಒಂದು ಉಪಕಾಲುವೆಯ ಕೊನೆಭಾಗದಲ್ಲಿ ನಮ್ಮ ಆರು ಎಕರೆ ಭತ್ತದ ಗದ್ದೆ ಇದೆ. ಕೊನೆಭಾಗವೆಂದರೆ ಏನೆಂಬುದನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದೇ ಪಾಳಿಯಿದ್ದರೂ ನೀರು ನಮ್ಮ ಹೊಲಗಾಲುವೆಯನ್ನು ಮುಟ್ಟುವಷ್ಟರಲ್ಲಿ ಅರ್ಧ ಪಾಳಿ ಕಳೆದಿರುತ್ತದೆ. ಭತ್ತ ತೆನೆ ಬಿಚ್ಚುವ ಹೊತ್ತಿನಲ್ಲಿ, ನಮ್ಮ ಪಾಳಿಯ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನೀರು ಥಟ್ಟನೆ ನಿಂತುಹೋಯಿತು. ನನ್ನ ತಮ್ಮ ಬ್ಯಾಟರಿ ಮತ್ತು ಸಲಿಕೆ ಹಿಡಿದು ಕಾಲುವೆಗುಂಟ ಮೇಲಕ್ಕೆ ಹೋಗಿ ನೋಡಿದಾಗ, ಮೇಲ್ಭಾಗದ ಹೊಲದವರು ಮಣ್ಣು ತುಂಬಿದ ಚೀಲಗಳನ್ನು ಅಡ್ಡ ಹಾಕಿ ನೀರನ್ನು ತಮ್ಮ ಗದ್ದೆಗೆ ತಿರುವಿಕೊಂಡಿದ್ದರು. ನನ್ನ ತಮ್ಮ ಆ ಚೀಲಗಳನ್ನು ಎಳೆದುಹಾಕುತ್ತಿರುವಾಗ ಆ ಹೊಲದಾತ ಬಡಿಗೆ ಹಿಡಿದು ಬಂದು, ಬೈದು, ಅವನ ಎಡಭುಜಕ್ಕೆ ಒಂದು ಏಟು ಹಾಕಿ, ಮತ್ತೆ ಬಡಿಗೆ ಎತ್ತಿದನಂತೆ. ಆಗ ತಮ್ಮ ಸಲಿಕೆ ಬೀಸಿದ್ದಾನೆ. ಒಟ್ಟು ಎರಡು ಏಟು ಎಂದು ಅವನೇ ಹೇಳುತ್ತಾನೆ. ಎದುರಿನಾತನ ಬಲಗೈಯ ಮೂಳೆ ಮೊಣಕೈ ಕೆಳಗೆ ಮುರಿದಿದೆ, ಬೆನ್ನಿಗೂ ಗಾಯವಾಗಿದೆ.

ಆತ ಕೊಟ್ಟ ದೂರಿನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 118(2) (ಅಪಾಯಕಾರಿ ಆಯುಧದಿಂದ ಭಾರಿ ಗಾಯ), 351(2) (ಬೆದರಿಕೆ), 352 (ಕೆಣಕುವಂಥ ಅವಮಾನ) ಮತ್ತು 3(5) (ಸಮಾನ ಉದ್ದೇಶ) ಇವುಗಳ ಅಡಿಯಲ್ಲಿ ಎಫ್‌ಐಆರ್ ಆಗಿದೆ. ತಮ್ಮನ ಜೊತೆಗೆ ನನ್ನ ಹೆಸರನ್ನೂ 74 ವರ್ಷದ ನಮ್ಮ ತಂದೆಯ ಹೆಸರನ್ನೂ ಸೇರಿಸಿದ್ದಾರೆ. ನಾನು ಕೂಗು ಕೇಳಿ ಓಡಿಹೋಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು; ತಂದೆಯವರು ಮನೆಯಿಂದ ಹೊರಗೇ ಬಂದಿರಲಿಲ್ಲ. ನಾವೂ ಮರುದಿನ ದೂರು ಕೊಟ್ಟಿದ್ದೇವೆ. ಮೂವರಿಗೂ ಜಾಮೀನು ಸಿಕ್ಕಿದೆ, ದೋಷಾರೋಪಣ ಪಟ್ಟಿ ಇನ್ನೂ ಸಲ್ಲಿಕೆಯಾಗಿಲ್ಲ.

ಅಗಸಿ ಕಟ್ಟೆಯ ಮೇಲೆ ಕೂತವರೆಲ್ಲ ಈಗ ನಮಗೆ ವಕೀಲರೇ. ಕೊಲ್ಲುವ ಉದ್ದೇಶ ಇರಲಿಲ್ಲವಾದ್ದರಿಂದ ಅಪರಾಧವೇ ಆಗುವುದಿಲ್ಲ ಎಂದು ಒಬ್ಬರು, ಮೊದಲು ಹೊಡೆದವನು ಅವನಾದ್ದರಿಂದ ನಾವು ಏನು ಮಾಡಿದರೂ ನಡೆಯುತ್ತದೆ ಎಂದು ಇನ್ನೊಬ್ಬರು, ತಮ್ಮ ಕುಡಿದಿದ್ದನೆಂದು ಹೇಳಿಸಿದರೆ ಕೇಸು ಹಗುರಾಗುತ್ತದೆ ಎಂದು ಮತ್ತೊಬ್ಬರು ಹೇಳುತ್ತಾರೆ. ಇವುಗಳಲ್ಲಿ ಕಾನೂನು ಒಪ್ಪುವುದು ಯಾವುದನ್ನು? ಆತ್ಮರಕ್ಷಣೆ ಎಂಬುದು ನಿಜವಾಗಿ ಎಲ್ಲಿಂದ ಎಲ್ಲಿಯವರೆಗೆ ಕಾಯುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1
ವಕೀಲ, ಬಳ್ಳಾರಿ

ನಿಮ್ಮ ಪ್ರಶ್ನೆಯಲ್ಲಿ ಬಹಳ ಜನ ಮುಚ್ಚಿಡುವ ಒಂದು ಮಾತನ್ನು ನೀವೇ ಹೇಳಿದ್ದೀರಿ, ಏಟು ಎರಡು ಎಂದು. ಅದಕ್ಕೆ ಬರುತ್ತೇನೆ. ಮೊದಲು ಉದ್ದೇಶದ ವಿಚಾರ.

ಅಪರಾಧವೆಂದರೆ ಸಾಮಾನ್ಯವಾಗಿ ಎರಡು ಸೇರಿದ್ದು: ಕಾನೂನು ನಿಷೇಧಿಸಿದ ಕೃತ್ಯ ಒಂದು, ಆ ಕೃತ್ಯದ ಹಿಂದಿನ ಮನಃಸ್ಥಿತಿ ಇನ್ನೊಂದು. ಆದರೆ ಆ ಮನಃಸ್ಥಿತಿ ಎಲ್ಲ ಅಪರಾಧಗಳಿಗೂ ಒಂದೇ ಅಲ್ಲ. ಕೊಲ್ಲುವ ಉದ್ದೇಶವಿರಲಿಲ್ಲ ಎಂಬುದು ಕೊಲೆ ಯತ್ನದ ಆರೋಪಕ್ಕೆ, ಅಂದರೆ ಕಲಂ 109ಕ್ಕೆ, ಉತ್ತರವಾಗಬಹುದು. ನಿಮ್ಮ ತಮ್ಮನ ಮೇಲೆ ಆ ಆರೋಪವೇ ಇಲ್ಲ. ಇರುವುದು ಅಪಾಯಕಾರಿ ಆಯುಧದಿಂದ ಭಾರಿ ಗಾಯ ಮಾಡಿದ ಆರೋಪ. ಅದಕ್ಕೆ ಬೇಕಾದದ್ದು ಭಾರಿ ಗಾಯ ಮಾಡುವ ಉದ್ದೇಶ, ಇಲ್ಲವೇ ಹಾಗಾಗುವ ಸಂಭವವಿದೆ ಎಂಬ ಅರಿವು, ಇವೆರಡರಲ್ಲಿ ಒಂದು ಮಾತ್ರ. ಮೂಳೆ ಮುರಿಯುವುದು ಕಲಂ 116ರ ಪ್ರಕಾರ ಭಾರಿ ಗಾಯ. ಕಬ್ಬಿಣದ ಸಲಿಕೆಯನ್ನು ಬಲವಾಗಿ ಬೀಸಿದರೆ ಮೂಳೆ ಮುರಿಯಬಹುದೆಂಬುದು ಗದ್ದೆಯಲ್ಲಿ ದುಡಿಯುವ ಯಾರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಉದ್ದೇಶವಿರಲಿಲ್ಲ ಎಂಬ ಒಂದೇ ಮಾತು ಇಲ್ಲಿ ನಿಮ್ಮನ್ನು ಬಹಳ ದೂರ ಒಯ್ಯುವುದಿಲ್ಲ. ಆಕಸ್ಮಿಕ ಎಂದೂ ಹೇಳುವಂತಿಲ್ಲ. ಕಲಂ 18ರ ಆಕಸ್ಮಿಕವೆಂದರೆ ಕಾನೂನುಬದ್ಧ ಕೆಲಸವನ್ನು ಸರಿಯಾದ ರೀತಿಯಲ್ಲಿ, ತಕ್ಕ ಎಚ್ಚರಿಕೆಯಿಂದ ಮಾಡುತ್ತಿರುವಾಗ ಆಗುವ ಅನಾಹುತ; ಚೀಲ ಎಳೆಯುವಾಗ ಸಲಿಕೆ ಕೈಜಾರಿ ಪಕ್ಕದವನಿಗೆ ತಾಗಿದ್ದರೆ ಅದು ಬೇರೆ ಮಾತಾಗುತ್ತಿತ್ತು.

ಆದ್ದರಿಂದ ನಿಮಗಿರುವ ನಿಜವಾದ ದಾರಿ ಖಾಸಗಿ ರಕ್ಷಣೆಯ ಹಕ್ಕು, ಅಂದರೆ ನೀವು ಆತ್ಮರಕ್ಷಣೆ ಎನ್ನುವುದು. ಹಳೆಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳು 2024ರ ಜುಲೈ 1ರಿಂದ ಹೊಸ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಾಗಿವೆ. ಅಂಕಿ ಬದಲಾಯಿತು, ತತ್ತ್ವ ಬದಲಾಗಲಿಲ್ಲ. ಆದ್ದರಿಂದ ಹಳೆಯ ತೀರ್ಪುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

ಈ ಹಕ್ಕು ದೇಹಕ್ಕೂ ಇದೆ, ಆಸ್ತಿಗೂ ಇದೆ. ಆಸ್ತಿಯ ಕಡೆಯಿಂದ ನೋಡಿದರೆ, ಬೇಸಾಯದ ನೀರು ಕಡಿಮೆಯಾಗುವಂತೆ ಹಾನಿ ಮಾಡುವುದು ಕಲಂ 326(ಎ) ಪ್ರಕಾರ 5 ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಅಂದರೆ ಪಾಳಿಯ ನೀರಿಗೆ ಚೀಲ ಅಡ್ಡ ಹಾಕುವುದು ಬರೀ ಊರ ಜಗಳದ ವಿಷಯವಲ್ಲ, ಅಲ್ಲಿ ಆ ಅಪರಾಧದ ಅಂಶಗಳೇ ಇರಬಹುದು. ಅಂಥ ಹಾನಿಯನ್ನು ತಡೆಯಲು ಕಲಂ 42 ಪ್ರಾಣಹಾನಿಯನ್ನು ಬಿಟ್ಟು ಉಳಿದ ಹಾನಿಗೆ ಅವಕಾಶ ಕೊಡುತ್ತದೆ. ಆದರೆ ಕಲಂ 37 ಎರಡು ಕಡಿವಾಣ ಹಾಕುತ್ತದೆ. ಸರ್ಕಾರಿ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಸಿಗುತ್ತಿದ್ದರೇ, ನೀರಾವರಿ ಇಲಾಖೆಯವರು ಫೋನ್ ಎತ್ತುತ್ತಿದ್ದರೇ ಎಂದು ನ್ಯಾಯಾಲಯದಲ್ಲಿ ಖಂಡಿತ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನೀವು ನೀರಿನ ಮೇಲೆ ಹೆಚ್ಚು ಭಾರ ಹಾಕಬಾರದು. ಚೀಲ ಎಳೆದುಹಾಕಿದ್ದನ್ನು ಸಮರ್ಥಿಸಲು ನೀರಿನ ಮಾತು ಸಾಕು, ಕೈ ಮುರಿದದ್ದನ್ನು ಸಮರ್ಥಿಸಲು ಸಾಲದು.

ದೇಹರಕ್ಷಣೆಯೇ ನಿಮ್ಮ ಗಟ್ಟಿ ನೆಲ. ಕಲಂ 40ರ ಪ್ರಕಾರ ಅಪಾಯದ ಸಕಾರಣ ಭಯ ಹುಟ್ಟಿದ ಕ್ಷಣದಿಂದ ಹಕ್ಕು ಆರಂಭವಾಗುತ್ತದೆ, ಮೊದಲ ಏಟು ಬೀಳುವವರೆಗೆ ಕಾಯಬೇಕಾಗಿಲ್ಲ. ಮತ್ತು ಆ ಭಯ ಇರುವವರೆಗೆ ಮಾತ್ರ ಹಕ್ಕು ಮುಂದುವರಿಯುತ್ತದೆ. ಒಮ್ಮೆ ಹೊಡೆದು ಮತ್ತೆ ಬಡಿಗೆ ಎತ್ತಿದವನ ಎದುರು ಮೊದಲ ಸಲ ಸಲಿಕೆ ಬೀಸಿದ್ದನ್ನು ಸಮರ್ಥಿಸುವುದು ನನಗೆ ಕಷ್ಟವಾಗಿ ಕಾಣುವುದಿಲ್ಲ. ಕತ್ತಲಲ್ಲಿ, ಕಾಲುವೆಯ ಒಡ್ಡಿನ ಮೇಲೆ, ಭುಜಕ್ಕೆ ಏಟು ತಿಂದವನು ತನ್ನ ಬಲವನ್ನು ತೊಲದ ಲೆಕ್ಕದಲ್ಲಿ ಅಳೆದು ಹೊಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ ಯಾವತ್ತೂ ಹೇಳಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಈ ಹಕ್ಕಿನ ಹತ್ತು ಸೂತ್ರಗಳನ್ನು ಒಂದೆಡೆ ಕೊಟ್ಟಿದ್ದಾರೆ, ನಿಮ್ಮ ವಕೀಲರಿಗೆ ಅದು ಮೊದಲ ಓದಾಗಲಿ.

ಎರಡನೆಯ ಏಟು ಬೇರೆ. ಪಂಜಾಬಿನ ಒಂದು ಹೊಲದ ಜಗಳದಲ್ಲಿ, ಜೈ ದೇವ್ ಎಂಬಾತನ ಪ್ರಕರಣ, 1963ರ ವರದಿಗಳಲ್ಲಿದೆ, ಹೊಲವನ್ನು ಬಲವಂತವಾಗಿ ಕಿತ್ತುಕೊಳ್ಳಲು ಬಂದವರನ್ನು ಎದುರಿಸಲು ಹೊಲದವರಿಗೆ ಹಕ್ಕಿತ್ತು, ಅವರು ಓಡಿಹೋಗಬೇಕಾಗಿರಲಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಆದರೆ ಬಂದವರು ಓಡತೊಡಗಿದ ಮೇಲೆ ದೂರದಿಂದ ಗುಂಡು ಹಾರಿಸಿದವರಿಗೆ ಆ ಹಕ್ಕು ಉಳಿದಿರಲಿಲ್ಲ ಎಂದೂ ಹೇಳಿತು. ಅದೇ ದಿನ, ಅದೇ ಹೊಲ, ಅದೇ ಜನ. ನಡುವೆ ಕೆಲವೇ ಕ್ಷಣ.

ಆದ್ದರಿಂದ ನಾನು ನಿಮ್ಮನ್ನು ಕೇಳುವುದು ಎರಡು ಮಾತು. ಎರಡನೆಯ ಏಟು ಬಿದ್ದಾಗ ಎದುರಿನಾತ ಎಲ್ಲಿದ್ದ, ಅವನ ಕೈಯಲ್ಲಿ ಬಡಿಗೆ ಇತ್ತೇ? ಕೈ ಮುರಿದದ್ದು ಯಾವ ಏಟಿಗೆ?

ಉತ್ತರ 2
ಕಾರಟಗಿಯ ಓದುಗ

ವಕೀಲ ಸಾಹೇಬರು ಇಷ್ಟೊಂದು ಅಳುಕಬೇಕಾದ ಅಗತ್ಯವಿಲ್ಲ ಎಂದು ನನಗೆ ಅನ್ನಿಸುತ್ತದೆ. ಸೂರ್ಯ ಮುಳುಗಿದ ಮೇಲೆ ನಮ್ಮ ಜಾಗಕ್ಕೆ ನುಗ್ಗಿದವನನ್ನು ಕೊಂದರೂ ಕಾನೂನು ಕೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ. ಕುಡಿದ ವಿಚಾರವೂ ಹಾಗೆಯೇ. ಎಚ್ಚರವಿಲ್ಲದವನಿಗೆ ಉದ್ದೇಶ ಎಲ್ಲಿಂದ ಬರಬೇಕು?

ಉತ್ತರ 3
ಕಾನೂನು ವಿದ್ಯಾರ್ಥಿನಿ, ರಾಯಚೂರು

ಕಾರಟಗಿಯ ಅಣ್ಣನವರು ಹೇಳಿದ ಎರಡೂ ಮಾತುಗಳು ಜನರ ಬಾಯಲ್ಲಿ ಬಹಳ ಓಡಾಡುತ್ತವೆ, ಆದರೆ ಕಲಂನಲ್ಲಿ ಬರೆದಿರುವುದು ಹಾಗಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಎಂಬ ಮಾತು ಕಲಂ 41ರಲ್ಲಿ ಇರುವುದು ನಿಜ. ಅದು ಮನೆ ಮುರಿದು ಒಳನುಗ್ಗುವುದಕ್ಕೆ ಸಂಬಂಧಿಸಿದ್ದು. ಬಯಲಿನ ಗದ್ದೆ ಮನೆಯಲ್ಲ. ಬಯಲು ಜಮೀನಿನ ಅತಿಕ್ರಮಣವನ್ನು ತಡೆಯಲು ಪ್ರಾಣ ತೆಗೆಯುವಷ್ಟು ಹಕ್ಕಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2002ರ ಜಸ್ಸಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅಲ್ಲದೆ ಇಲ್ಲಿ ನುಗ್ಗಿದವರು ಯಾರು? ಪ್ರಶ್ನೆ ಕೇಳಿದವರ ತಮ್ಮನೇ ಮೇಲ್ಭಾಗದ ಹೊಲದ ಬಳಿ ಹೋಗಿದ್ದರು.

ಕುಡಿತದ ವಿಚಾರದಲ್ಲಿ, ಕಲಂ 23 ಕಾಯುವುದು ತನಗೆ ತಿಳಿಯದಂತೆ ಅಥವಾ ತನ್ನ ಇಚ್ಛೆಗೆ ವಿರುದ್ಧವಾಗಿ ಅಮಲೇರಿಸಲ್ಪಟ್ಟವನನ್ನು ಮಾತ್ರ. ತಾನಾಗಿ ಕುಡಿದವನಿಗೆ, ಕುಡಿಯದೇ ಇದ್ದಿದ್ದರೆ ಇರುತ್ತಿದ್ದ ಅರಿವೇ ಇತ್ತೆಂದು ಕಲಂ 24 ಭಾವಿಸುತ್ತದೆ. ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಬಸ್‌ದೇವ್ ಪ್ರಕರಣ 1956ರದು. ಸೇನೆಯಿಂದ ನಿವೃತ್ತನಾದ ಒಬ್ಬ ಜಮಾದಾರ ಮದುವೆ ಮನೆಯಲ್ಲಿ ಕುಡಿದು, ಕೂರುವ ಜಾಗದಿಂದ ಸ್ವಲ್ಪ ಸರಿಯಲಿಲ್ಲವೆಂದು ಒಬ್ಬ ಹುಡುಗನಿಗೆ ಗುಂಡು ಹೊಡೆದ. ಅಮಲು ಅವನ ತಲೆಗೆ ಏರಿತ್ತು, ಆದರೆ ತಾನೇನು ಮಾಡುತ್ತಿದ್ದೇನೆಂದು ತಿಳಿಯದಷ್ಟು ಏರಿರಲಿಲ್ಲ ಎಂದು ನ್ಯಾಯಾಲಯ ಕಂಡುಕೊಂಡು, ಕೊಲೆಯ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಆದ್ದರಿಂದ ತಮ್ಮ ಕುಡಿದಿದ್ದರು ಎಂದು ಹೇಳಿಸುವುದರಿಂದ ಲಾಭವಿಲ್ಲ, ನಷ್ಟವಿದೆ: ಭಯದಿಂದ ಹೊಡೆದೆ ಎಂಬ ಮಾತನ್ನು ನಂಬಬೇಕಾದ ನ್ಯಾಯಾಧೀಶರ ಮುಂದೆ ನಾವೇ ಅವರನ್ನು ಅಮಲಿನಲ್ಲಿ ಹೊಡೆದವರನ್ನಾಗಿ ನಿಲ್ಲಿಸಿದಂತಾಗುತ್ತದೆ.

ಕತ್ತಲೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತಪ್ಪು ಗ್ರಹಿಕೆಯೂ ಒಂದು ರಕ್ಷಣೆಯೇ. ಒರಿಸ್ಸಾ ಹೈಕೋರ್ಟಿನ ರಾಮ್ ಬಹದ್ದೂರ್ ಥಾಪಾ ಪ್ರಕರಣದಲ್ಲಿ, ರಾತ್ರಿ ಬೆಳಕೊಂದು ಅಲುಗಾಡುವುದನ್ನು ಕಂಡು ದೆವ್ವಗಳೆಂದು ನಂಬಿದ ನೇಪಾಳಿ ಆಳು ಖುಕ್ರಿ ಬೀಸಿಬಿಟ್ಟ. ಅವರು ಲಾಟೀನು ಹಿಡಿದು ಹಿಪ್ಪೆ ಹೂ ಆರಿಸುತ್ತಿದ್ದ ಹೆಣ್ಣುಮಕ್ಕಳಾಗಿದ್ದರು, ಒಬ್ಬಾಕೆ ಸತ್ತುಹೋದಳು. ಅವನು ಸದ್ಭಾವನೆಯಿಂದ ಹಾಗೆ ನಂಬಿದ್ದನೆಂದು ಖುಲಾಸೆಯಾಯಿತು. ಹಾಗಾಗಿ ಎದುರಿನಾತನ ಕೈಯಲ್ಲಿ ಇನ್ನೂ ಬಡಿಗೆ ಇದೆ ಎಂದು ತಮ್ಮ ನಿಜವಾಗಿ ನಂಬಿದ್ದರೆ, ಬಡಿಗೆ ಆಗಲೇ ಕೆಳಗೆ ಬಿದ್ದಿದ್ದರೂ ಆ ನಂಬಿಕೆಗೆ ಬೆಲೆಯಿದೆ ಎಂದು ನನ್ನ ತಿಳಿವಳಿಕೆ. ವಕೀಲರು ತಿದ್ದಬೇಕು.

ಉತ್ತರ 4
ನಿವೃತ್ತ ಪೊಲೀಸ್ ಸಿಬ್ಬಂದಿ, ಕೊಪ್ಪಳ

ಮೇಲಿನವರು ಕಾನೂನು ಹೇಳಿದರು. ನಾನು ಕಾಗದದ ವಿಷಯ ಹೇಳುತ್ತೇನೆ, ಏಕೆಂದರೆ ಜಗಳ ಕಾಲುವೆಯ ಮೇಲೆ ನಡೆದರೂ ಕೇಸು ನಡೆಯುವುದು ಕಾಗದದ ಮೇಲೆ.

ನಿಮ್ಮ ತಮ್ಮನ ಭುಜಕ್ಕೆ ಏಟು ಬಿದ್ದಿದೆ ಎನ್ನುತ್ತೀರಿ. ಆ ರಾತ್ರಿಯೋ ಮರುದಿನವೋ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಗಾಯದ ಪ್ರಮಾಣಪತ್ರ ಆಗಿದೆಯೇ? ನಮ್ಮ ಕಡೆ ಜನ ಬಾವು ಬಂದ ಭುಜಕ್ಕೆ ಅರಿಸಿನ ಹಚ್ಚಿ ಸುಮ್ಮನಾಗಿಬಿಡುತ್ತಾರೆ, ಆಮೇಲೆ ಆರು ತಿಂಗಳಿಗೆ ನ್ಯಾಯಾಲಯದಲ್ಲಿ ನನಗೂ ಹೊಡೆದಿದ್ದ ಎನ್ನುತ್ತಾರೆ. ಹಾಗೆ ಹೇಳಿದ ಆರೋಪಿಗಳು ಸುಳ್ಳು ಹೇಳುತ್ತಿರಲಿಲ್ಲವೆಂಬುದು ನನಗೆ ಗೊತ್ತಿದ್ದ ಕೇಸುಗಳೂ ಇದ್ದವು, ಆದರೆ ಕಾಗದ ಇರಲಿಲ್ಲ. ಆರೋಪಿಯ ಮೈಮೇಲಿನ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅದು ಅವರ ಕೇಸಿಗೆ ದೊಡ್ಡ ಪೆಟ್ಟು ಎಂದು 1976ರ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದನ್ನು ನಮಗೆ ತರಬೇತಿಯಲ್ಲೇ ಓದಿಸುತ್ತಿದ್ದರು.

ಎರಡನೆಯದು ಆ ಮಣ್ಣಿನ ಚೀಲಗಳು. ಪಂಚನಾಮೆಯಲ್ಲಿ ಅವು ಬಂದಿವೆಯೇ ಎಂದು ನೋಡಿರಿ. ಬಂದಿಲ್ಲವಾದರೆ, ಆ ರಾತ್ರಿ ಯಾರ ಪಾಳಿ ಇತ್ತೆಂಬ ಇಲಾಖೆಯ ದಾಖಲೆಯನ್ನಾದರೂ ಮಾಹಿತಿ ಹಕ್ಕಿನಲ್ಲಿ ತೆಗೆಸಿರಿ. ಮೂರನೆಯದು ಸಲಿಕೆ. ವಶಪಡಿಸಿಕೊಂಡ ಸಲಿಕೆಯ ಕಾವು ತಾಗಿತೋ, ಅಲಗು ತಾಗಿತೋ, ಅಲಗಿನ ಹಿಂಬದಿ ತಾಗಿತೋ ಎಂಬುದರ ಮೇಲೆ ಕಲಂ 118(2) ನಿಲ್ಲುತ್ತದೆಯೋ ಇಲ್ಲವೋ ಎಂಬ ಚರ್ಚೆ ಆಗಬಹುದು. 118(2)ಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ ಅಥವಾ ಜೀವಾವಧಿ. ಬರೀ ಭಾರಿ ಗಾಯವಾದರೆ 117(2), ಅದಕ್ಕೆ 7 ವರ್ಷಗಳವರೆಗೆ. ವ್ಯತ್ಯಾಸ ಸಣ್ಣದಲ್ಲ.

ಠಾಣೆಯಲ್ಲಿ ನಿಮ್ಮ ತಮ್ಮ ಏನು ಹೇಳಿದರೂ ತಪ್ಪೊಪ್ಪಿಗೆಯಾಗಿ ಅದನ್ನು ಅವರ ವಿರುದ್ಧ ಬಳಸುವಂತಿಲ್ಲ, ಸಾಕ್ಷ್ಯ ಅಧಿನಿಯಮದ ಕಲಂ 23 ಅದನ್ನು ತಡೆಯುತ್ತದೆ. ಆದರೆ ಅವರು ಹೇಳಿದ್ದರಿಂದಲೇ ಸಲಿಕೆ ಸಿಕ್ಕಿದ್ದರೆ ಅಷ್ಟು ಭಾಗ ಒಳಗೆ ಬರುತ್ತದೆ. ಇನ್ನು ಆತ್ಮರಕ್ಷಣೆಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕಾದವನು ಆರೋಪಿಯೇ ಎಂಬುದನ್ನು ಮರೆಯಬೇಡಿರಿ, ಅದು ಬಹಳ ಕಷ್ಟದ ಕೆಲಸ.

ಮತ್ತೆ ಪ್ರಶ್ನೆ ಕೇಳಿದವರಿಂದ
ಕೊನೆಭಾಗದ ರೈತ, ಸಿಂಧನೂರು ತಾಲ್ಲೂಕು

ಎಲ್ಲರಿಗೂ ಋಣಿಯಾಗಿದ್ದೇನೆ. ಭುಜದ ಗಾಯವನ್ನು ಮರುದಿನ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದ್ದೇವೆ, ಸಾದಾ ಗಾಯವೆಂದು ಬರೆದ ಪ್ರಮಾಣಪತ್ರವಿದೆ. ಪಂಚನಾಮೆಯಲ್ಲಿ ಚೀಲಗಳ ಮಾತೇ ಇಲ್ಲ. ಬೆಳಗಾಗುವಷ್ಟರಲ್ಲಿ ಅವನ್ನು ಯಾರೋ ಎತ್ತಿಬಿಟ್ಟಿದ್ದರು.

ವಕೀಲ ಸಾಹೇಬರ ಪ್ರಶ್ನೆಗೆ ನನ್ನಲ್ಲಿ ನೇರ ಉತ್ತರವಿಲ್ಲ. ತಮ್ಮನನ್ನು ಕೇಳಿದರೆ ಒಮ್ಮೆ, ಆತ ಎದುರಿಗೇ ಇದ್ದ ಎನ್ನುತ್ತಾನೆ. ಇನ್ನೊಮ್ಮೆ, ಬಡಿಗೆ ಬಿದ್ದಿತು, ಆತ ತಿರುಗಿದ, ನನಗೆ ಸಿಟ್ಟು ತಡೆಯಲಾಗಲಿಲ್ಲ ಎನ್ನುತ್ತಾನೆ. ಬೆನ್ನಿನ ಮೇಲೆ ಗಾಯವಿರುವುದರಿಂದ ಎರಡನೆಯ ಮಾತೇ ನಿಜವಿರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಎದುರಿನವರ ದೂರಿನಲ್ಲಂತೂ, ಕೆಳಗೆ ಬಿದ್ದ ಮೇಲೆ ಎರಡೂ ಏಟು ಹೊಡೆದರು ಎಂದು ಬರೆಸಿದ್ದಾರೆ.

ಇನ್ನೊಂದು ಮಾತು ಹೇಳಬೇಕಾಗಿದೆ, ಹೇಳಲು ಸಂಕೋಚವಾಗುತ್ತದೆ. ನಮ್ಮ ಮಾವನವರು ಬಹಳ ಓಡಾಡಿದ ಮನುಷ್ಯರು. ಆ ರಾತ್ರಿ ನನ್ನ ತಮ್ಮ ಗಂಗಾವತಿಯಲ್ಲಿ ಮಾವನವರ ಮನೆಯಲ್ಲಿ ಮಲಗಿದ್ದನೆಂದು ತಾವೂ ಇನ್ನಿಬ್ಬರೂ ಸಾಕ್ಷಿ ಹೇಳಲು ಸಿದ್ಧ, ಆಗ ಏಟು ಒಂದೋ ಎರಡೋ ಎಂಬ ಪ್ರಶ್ನೆಯೇ ಏಳುವುದಿಲ್ಲ ಎನ್ನುತ್ತಾರೆ. ತಂದೆಯವರಿಗೂ ಅದೇ ಸರಿ ಎನ್ನಿಸಿದೆ.

ಉತ್ತರ 5
ವಕೀಲ, ಬಳ್ಳಾರಿ

ಕಡೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಡಲು ಹೇಳಿರಿ. ಅದು ಸುಳ್ಳು ಸಾಕ್ಷಿ ಎಂಬ ಅಪರಾಧ ಎಂಬುದು ಒಂದು ಕಡೆ. ಇನ್ನೊಂದು ಕಡೆ, ನೀವೇ ಮರುದಿನ ಕೊಟ್ಟ ದೂರಿನಲ್ಲಿ ತಮ್ಮ ಕಾಲುವೆಯ ಮೇಲಿದ್ದನೆಂದು ಬರೆಸಿದ್ದೀರಿ, ಭುಜದ ಗಾಯದ ಪ್ರಮಾಣಪತ್ರ ಮಾಡಿಸಿದ್ದೀರಿ, ಅವನ ಮೊಬೈಲ್ ಯಾವ ಟವರಿನ ಕೆಳಗಿತ್ತೆಂಬುದನ್ನು ಪೊಲೀಸರು ಒಂದು ಪತ್ರ ಬರೆದು ತರಿಸಿಕೊಳ್ಳಬಲ್ಲರು. ನಾನು ಅಲ್ಲಿರಲೇ ಇಲ್ಲ ಎನ್ನುವವನು, ನಾನು ನನ್ನನ್ನು ರಕ್ಷಿಸಿಕೊಂಡೆ ಎಂದು ಹೇಳುವ ಬಾಯಿಯನ್ನು ತಾನೇ ಹೊಲಿದುಕೊಂಡಂತೆ. ನನ್ನ ವೃತ್ತಿಯಲ್ಲಿ, ಒಳ್ಳೆಯ ಆತ್ಮರಕ್ಷಣೆಯ ಪ್ರಕರಣಗಳು ಕೆಟ್ಟದ್ದನ್ನು ಕಂಡದ್ದು ಹೆಚ್ಚಾಗಿ ಇಂಥ ನೆಂಟರ ಉಪಕಾರದಿಂದಲೇ.

ಕೊಪ್ಪಳದ ಹಿರಿಯರು ಕಾಗದದ ಬಗ್ಗೆ ಹೇಳಿದ್ದು ಚಿನ್ನದಂಥ ಮಾತು, ಆದರೆ ಸಾಬೀತಿನ ಹೊಣೆಯ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ತನಗೆ ವಿನಾಯಿತಿ ಅನ್ವಯಿಸುತ್ತದೆ ಎಂದು ತೋರಿಸುವ ಹೊಣೆ ಸಾಕ್ಷ್ಯ ಅಧಿನಿಯಮದ ಕಲಂ 108ರಂತೆ ಆರೋಪಿಯದೇ ನಿಜ. ಆದರೆ ಪ್ರಾಸಿಕ್ಯೂಷನ್ ಹೊತ್ತಷ್ಟು ಭಾರವನ್ನು ಅವನು ಹೊರಬೇಕಾಗಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ, 1964ರಲ್ಲಿ, ಬುದ್ಧಿಭ್ರಮಣೆಯ ವಾದದ ಸಂದರ್ಭದಲ್ಲಿ ಇದನ್ನು ಸ್ಪಷ್ಟಪಡಿಸಲಾಯಿತು, ಖಾಸಗಿ ರಕ್ಷಣೆಗೂ ಅದೇ ಅಳತೆ. ಅದಕ್ಕಾಗಿ ಪ್ರತ್ಯೇಕ ಸಾಕ್ಷಿಗಳನ್ನು ಕರೆಯಲೇಬೇಕೆಂದೂ ಇಲ್ಲ. ಎದುರಿನವರ ಸಾಕ್ಷಿಗಳ ಪಾಟೀಸವಾಲಿನಿಂದಲೇ, ವೈದ್ಯರ ಬಾಯಿಂದಲೇ ಆ ಸಂಭವ ಹೊರಬರಬಹುದು. 1968ರ ಮುನ್ಷಿ ರಾಮ್ ತೀರ್ಪಿನ ಪ್ರಕಾರ, ಆರೋಪಿ ಬಾಯಿಬಿಟ್ಟು ಆತ್ಮರಕ್ಷಣೆ ಎನ್ನದಿದ್ದರೂ ದಾಖಲೆಯಿಂದ ಅದು ಎದ್ದು ಕಂಡರೆ ನ್ಯಾಯಾಲಯ ಪರಿಗಣಿಸಬಹುದು.

ವಿದ್ಯಾರ್ಥಿನಿಯ ಮಾತು ಸರಿಯಾಗಿದೆ, ಒಂದು ಎಚ್ಚರಿಕೆಯೊಡನೆ. ತಪ್ಪು ನಂಬಿಕೆ ಸದ್ಭಾವನೆಯದಾಗಿರಬೇಕು, ಸದ್ಭಾವನೆಯೆಂದರೆ ಸಂಹಿತೆಯಲ್ಲಿ ತಕ್ಕ ಎಚ್ಚರ ಮತ್ತು ಗಮನ ಎಂದರ್ಥ. ಬಡಿಗೆ ಬಿದ್ದದ್ದನ್ನು ಕಂಡೆ, ಸಿಟ್ಟು ತಡೆಯಲಿಲ್ಲ ಎಂದು ತಮ್ಮನೇ ಹೇಳುತ್ತಿದ್ದರೆ ಅಲ್ಲಿ ತಪ್ಪು ನಂಬಿಕೆಗೆ ಜಾಗವಿಲ್ಲ. ಅಲ್ಲಿರುವುದು ಉದ್ರೇಕ. ಉದ್ರೇಕ ಪೂರ್ಣ ರಕ್ಷಣೆಯಲ್ಲ, ಶಿಕ್ಷೆಯನ್ನು ಇಳಿಸುವ ಸಂಗತಿ ಮಾತ್ರ. ತೀವ್ರ ಮತ್ತು ಹಠಾತ್ ಉದ್ರೇಕದಲ್ಲಿ ಭಾರಿ ಗಾಯ ಮಾಡಿದರೆ ಕಲಂ 122(2)ರಂತೆ 5 ವರ್ಷಗಳವರೆಗೆ ಶಿಕ್ಷೆಯಾಗಬಹುದು, ಅಥವಾ ದಂಡದಲ್ಲಿ ಮುಗಿಯಬಹುದು.

ಈಗ ನಾನು ಮುಖ್ಯವೆಂದು ಎಣಿಸುವ ಸಂಗತಿ. ಎರಡೂ ಏಟುಗಳನ್ನು ಒಂದೇ ಗಂಟು ಕಟ್ಟಿ ನೋಡಬೇಡಿರಿ. ಮೊದಲ ಏಟು ಹಕ್ಕಿನ ಒಳಗೆ, ಎರಡನೆಯದು ಹಕ್ಕಿನ ಹೊರಗೆ ಎಂದು ಇಟ್ಟುಕೊಳ್ಳೋಣ. ಕೈ ಮುರಿದದ್ದು ಮೊದಲ ಏಟಿಗಾದರೆ, ಭಾರಿ ಗಾಯ ಇಡಿಯಾಗಿ ಖಾಸಗಿ ರಕ್ಷಣೆಯ ನೆರಳಿಗೆ ಬರುತ್ತದೆ, ಕಲಂ 34ರಂತೆ ಅದು ಅಪರಾಧವೇ ಅಲ್ಲ. ಬೆನ್ನಿನ ಗಾಯಕ್ಕೆ ಮಾತ್ರ ತಮ್ಮ ಉತ್ತರ ಹೇಳಬೇಕಾಗುತ್ತದೆ. ಅದು ಸಾದಾ ಗಾಯವಾಗಿದ್ದರೆ, ಸಲಿಕೆಯನ್ನು ಆಯುಧವೆಂದು ಒಪ್ಪಿದರೂ 118(1), ಅಂದರೆ 3 ವರ್ಷಗಳವರೆಗೆ ಅಥವಾ ದಂಡ. ಒಪ್ಪದಿದ್ದರೆ 115(2), 1 ವರ್ಷದವರೆಗೆ ಅಥವಾ ದಂಡ. ಕೈ ಮುರಿದದ್ದು ಎರಡನೆಯ ಏಟಿಗಾದರೆ ಲೆಕ್ಕ ತಲೆಕೆಳಗಾಗುತ್ತದೆ. ಜೀವಾವಧಿಯವರೆಗೆ ಹೋಗಬಹುದಾದ ಆರೋಪಕ್ಕೂ ದಂಡ ಕಟ್ಟಿ ಮುಗಿಯಬಹುದಾದ ಆರೋಪಕ್ಕೂ ನಡುವಿನ ಗೆರೆ, ನಿಮ್ಮ ಪ್ರಕರಣದಲ್ಲಿ, ಒಂದು ಎಕ್ಸ್‌ರೇ ಚಿತ್ರದ ಮೇಲೆ ಹಾದುಹೋಗುತ್ತದೆ.

ಆ ಎಕ್ಸ್‌ರೇಯನ್ನೂ ಎರಡು ಬಗೆಯಲ್ಲಿ ಓದಬಹುದು. ಮುಂಗೈಯ ಕಿರುಬೆರಳ ಕಡೆಯ ಮೂಳೆ ಒಂದೇ ಮುರಿದಿದ್ದರೆ, ಏಟು ತಪ್ಪಿಸಿಕೊಳ್ಳಲು ಕೈ ಅಡ್ಡ ಹಿಡಿದಾಗ ಸಾಮಾನ್ಯವಾಗಿ ಆಗುವ ಮುರಿತವದು ಎಂದು ಪ್ರಾಸಿಕ್ಯೂಷನ್ ಹೇಳುತ್ತದೆ. ಬಡಿಗೆ ಎತ್ತಿದ ಕೈಗೂ ಅದೇ ಜಾಗದಲ್ಲಿ ಏಟು ಬೀಳಬಹುದಲ್ಲವೇ ಎಂದು ನಿಮ್ಮ ವಕೀಲರು ವೈದ್ಯರನ್ನು ಕೇಳುತ್ತಾರೆ. ಎರಡೂ ಸಾಧ್ಯ ಎಂದು ವೈದ್ಯರು ಒಪ್ಪಿದರೆ, ಮುರಿದದ್ದು ಬಲಗೈ ಎಂಬುದಕ್ಕೆ, ಬಡಿಗೆ ಇದ್ದದ್ದೂ ಬಲಗೈಯಲ್ಲೇ ಆಗಿದ್ದರೆ, ತೂಕ ಬರುತ್ತದೆ. ಕೆಳಗೆ ಬಿದ್ದ ಮೇಲೆ ಎರಡೂ ಏಟು ಎಂಬ ದೂರಿನ ಮಾತು, ತಮ್ಮನ ಭುಜದ ಗಾಯಕ್ಕೆ ಯಾವ ವಿವರಣೆಯನ್ನೂ ಕೊಡುವುದಿಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಿರಿ.

ನೀವು ಮತ್ತು ನಿಮ್ಮ ತಂದೆಯವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಲಂ 3(5)ಕ್ಕೆ ಸಮಾನ ಉದ್ದೇಶ ಬೇಕು, ಆ ಉದ್ದೇಶ ಕೃತ್ಯಕ್ಕೆ ಮೊದಲೇ, ಕಡೆಯಪಕ್ಷ ಆ ಕ್ಷಣದಲ್ಲಾದರೂ ಹುಟ್ಟಿರಬೇಕು. ಮುಗಿದ ಮೇಲೆ ಓಡಿ ಬಂದವನಿಗೂ ಮನೆಯಲ್ಲೇ ಇದ್ದ ಮುದುಕರಿಗೂ ಅದು ಅಂಟುವುದಿಲ್ಲ. ತಂದೆಯವರ ಹೆಸರನ್ನು ದೋಷಾರೋಪಣ ಪಟ್ಟಿಯಲ್ಲಿ ಕೈಬಿಡುವ ಸಂಭವವೂ ಇದೆ. ಬಿಡದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರದ್ದತಿಗೆ ಅರ್ಜಿ ಹಾಕಬಹುದು. ನಿಮ್ಮ ಪ್ರತಿದೂರಿನಲ್ಲೂ ದೋಷಾರೋಪಣ ಪಟ್ಟಿ ಸಲ್ಲಿಕೆಯಾದರೆ ಎರಡೂ ಪ್ರಕರಣಗಳನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದರಂತೆ ವಿಚಾರಣೆ ಮಾಡಿ ಒಟ್ಟಿಗೆ ತೀರ್ಪು ಕೊಡಬೇಕೆಂದು 1990ರ ನಾಥಿ ಲಾಲ್ ಪ್ರಕರಣದಲ್ಲಿ ಹೇಳಲಾಗಿದೆ. ಅದನ್ನು ಮೊದಲೇ ಕೇಳಿಕೊಳ್ಳಿರಿ.

ರಾಜಿಯ ಮಾತು ಊರಿನಲ್ಲಿ ಬಂದೇ ಬರುತ್ತದೆ. ಕಲಂ 118 ಇರುವವರೆಗೆ ಕೆಳಗಿನ ನ್ಯಾಯಾಲಯದಲ್ಲಿ ರಾಜಿಯಿಂದ ಪ್ರಕರಣ ಮುಗಿಯುವುದಿಲ್ಲ, ಅದಕ್ಕೂ ಹೈಕೋರ್ಟಿಗೇ ಹೋಗಬೇಕು. ಶುಲ್ಕದ ತೊಂದರೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿರಿ. ಅರ್ಹತೆ ಇದ್ದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಕಡೆಗೆ ಒಂದು ಕೋರಿಕೆ. ತಮ್ಮ ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳುತ್ತಿರುವುದು ಸುಳ್ಳು ಹೇಳುವ ಇಚ್ಛೆಯಿಂದಲ್ಲ ಎಂದು ನನಗೆ ತೋರುತ್ತದೆ. ಸುತ್ತ ಇರುವವರು ಯಾವ ಉತ್ತರ ಬಯಸುತ್ತಾರೋ ಆ ಉತ್ತರ ಅವನ ಬಾಯಿಗೆ ಬರುತ್ತಿದೆ. ಅವನನ್ನು ನಿಮ್ಮ ವಕೀಲರ ಬಳಿಗೆ ಒಬ್ಬನನ್ನೇ ಕಳುಹಿಸಿರಿ. ನಡೆದದ್ದು ನಡೆದಂತೆ ವಕೀಲರಿಗೆ ತಿಳಿದರೆ ಮಾತ್ರ ಯಾವ ಏಟನ್ನು ಸಮರ್ಥಿಸಬೇಕು, ಯಾವುದಕ್ಕೆ ಶಿಕ್ಷೆ ಕಡಿಮೆ ಮಾಡಿಸಬೇಕು ಎಂದು ಅವರು ತೀರ್ಮಾನಿಸಬಲ್ಲರು.

ಪ್ರಶ್ನೆ ಕೇಳಿದವರಿಂದ
ಕೊನೆಭಾಗದ ರೈತ, ಸಿಂಧನೂರು ತಾಲ್ಲೂಕು

ಮಾವನವರಿಗೆ ಹೇಳಿದೆವು, ಸ್ವಲ್ಪ ಮುನಿಸಿಕೊಂಡಿದ್ದಾರೆ. ಎಕ್ಸ್‌ರೇ ವರದಿಯ ನಕಲಿಗೆ ಅರ್ಜಿ ಹಾಕಲು ನಮ್ಮ ವಕೀಲರು ಒಪ್ಪಿದ್ದಾರೆ. ಸೋಮವಾರ ತಮ್ಮ ಒಬ್ಬನೇ ಅವರ ಕೋಣೆಗೆ ಹೋಗುತ್ತಾನೆ. ನಾನು ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತೇನೆ.